ಡಾಫ್ಟ್ ಪಂಕ್‌ನ ‘ಹ್ಯೂಮನ್ ಆಫ್ಟರ್ ಆಲ್’: ಪದೇ ಪದೇ ಕೇಳುವ ಪ್ರಶ್ನೆಗಳು

ಫ್ರಾನ್ಸಿನ ಎಲೆಕ್ಟ್ರಾನಿಕ್ ಸಂಗೀತದ ಜೋಡಿ ಡಾಫ್ಟ್ ಪಂಕ್ ಅನ್ನು ಕೇಳುವ ರೂಢಿ ಬಿದ್ದವರು ಒಂದಲ್ಲ ಒಂದು ದಿನ ಈ ಆಲ್ಬಂ ಹತ್ತಿರ ಬಂದು ತಡವರಿಸುತ್ತಾರೆ. ‘ಡಿಸ್ಕವರಿ’ ಇಷ್ಟವಾಗಿರುತ್ತದೆ, ‘ರ‍್ಯಾಂಡಮ್ ಆಕ್ಸೆಸ್ ಮೆಮೊರೀಸ್’ ಇಷ್ಟವಾಗಿರುತ್ತದೆ. ಎರಡರ ನಡುವೆ ಬಂದ ಇದೊಂದು ಯಾಕೆ ಹೀಗೆ ಎಂದು ಕೇಳುತ್ತಾರೆ. ನನಗೆ ಈ ಆಲ್ಬಂ ಮೇಲೆ ಬಹಳ ಪ್ರೀತಿ. ಅದರ ಊನಗಳೂ ಗೊತ್ತು. ಸ್ನೇಹಿತರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿಗೆ ನನಗೆ ತಿಳಿದಷ್ಟು ಉತ್ತರ ಇಲ್ಲಿದೆ.

ಇದು ಯಾರ ಆಲ್ಬಂ? ಯಾವಾಗ ಬಂತು?

ಪ್ಯಾರಿಸ್‌ನ ಇಬ್ಬರದ್ದು: ಥಾಮಸ್ ಬಾಂಗಾಲ್ಟರ್ ಮತ್ತು ಗೀ-ಮಾನ್ಯುಯೆಲ್ ದ ಓಮೆಂ-ಕ್ರಿಸ್ಟೊ. ಇಬ್ಬರೂ 1987ರಲ್ಲಿ ಕಾರ್ನೋ ಶಾಲೆಯಲ್ಲಿ ಪರಿಚಯವಾದವರು. ಶುರುವಿನಲ್ಲಿ ಲೊರಾನ್ ಬ್ರಾಂಕೊವಿಟ್ಸ್ ಜೊತೆ ಸೇರಿ ‘ಡಾರ್ಲಿನ್’ ಎಂಬ ಗಿಟಾರ್ ಬ್ಯಾಂಡ್ ಕಟ್ಟಿದ್ದರು. ‘ಮೆಲೊಡಿ ಮೇಕರ್’ ಎಂಬ ಬ್ರಿಟಿಷ್ ಪತ್ರಿಕೆಯ ವಿಮರ್ಶೆ ಆ ಬ್ಯಾಂಡನ್ನು ಹೀಗಳೆಯಲು ಬಳಸಿದ ಮಾತಿನಿಂದಲೇ ಡಾಫ್ಟ್ ಪಂಕ್ ಎಂಬ ಹೆಸರು ಹುಟ್ಟಿತು. ಬ್ರಾಂಕೊವಿಟ್ಸ್ ಮುಂದೆ ‘ಫೀನಿಕ್ಸ್’ ಬ್ಯಾಂಡ್ ಸೇರಿಕೊಂಡರು. ಈ ಇಬ್ಬರು ಡ್ರಮ್ ಮಷೀನ್ ಮತ್ತು ಸಿಂಥಸೈಸರ್ ಕಡೆ ಹೊರಳಿದರು.

1997ರಲ್ಲಿ ‘ಹೋಮ್‌ವರ್ಕ್’, 2001ರಲ್ಲಿ ‘ಡಿಸ್ಕವರಿ’, 2005ರ ಮಾರ್ಚ್‌ನಲ್ಲಿ ಈ ‘ಹ್ಯೂಮನ್ ಆಫ್ಟರ್ ಆಲ್’. ವರ್ಜಿನ್ ಕಂಪನಿ ಬಿಡುಗಡೆ ಮಾಡಿತು. ಒಟ್ಟು ಹತ್ತು ಟ್ರ್ಯಾಕ್, ಸುಮಾರು ಮುಕ್ಕಾಲು ಗಂಟೆ.

ಗಿಟಾರ್ ಬ್ಯಾಂಡಿನ ಕಥೆ ಸುಮ್ಮನೆ ಹೇಳಿದ್ದಲ್ಲ. ಈ ಆಲ್ಬಂ ಕೇಳುವಾಗ ಅದು ನೆನಪಿರಲಿ.

ಆರೇ ವಾರದಲ್ಲಿ ಮಾಡಿ ಮುಗಿಸಿದರಂತೆ, ನಿಜವೇ?

ನಿಜ. 2004ರ ಸೆಪ್ಟೆಂಬರ್ ಮಧ್ಯದಿಂದ ನವೆಂಬರ್ ಶುರುವಿನ ತನಕ ಕೆಲಸ ನಡೆಯಿತು. ಅದರಲ್ಲಿ ಸಂಗೀತ ಕಟ್ಟಿದ ಅವಧಿ ಆರು ವಾರ ಎಂದೇ ಅವರು ಹೇಳಿಕೊಂಡು ಬಂದಿದ್ದಾರೆ. ಹಿಂದಿನ ‘ಡಿಸ್ಕವರಿ’ಗೆ ವರ್ಷಗಟ್ಟಲೆ ಹಿಡಿದಿತ್ತು. ಒಂದೊಂದು ಹಾಡನ್ನೂ ತಿದ್ದಿ, ತೀಡಿ, ಬದಿಗಿಟ್ಟು, ಮತ್ತೆ ಎತ್ತಿಕೊಂಡು ಮಾಡಿದ ಆಲ್ಬಂ ಅದು.

ಇಲ್ಲಿ ಸಾಮಾನೂ ಕಡಿಮೆ. ಮುಖ್ಯವಾಗಿ ಬಳಸಿದ್ದು ಎರಡು ಗಿಟಾರ್, ಎರಡು ಡ್ರಮ್ ಮಷೀನ್, ಒಂದು ವೊಕೋಡರ್, ಎಂಟು ಟ್ರ್ಯಾಕಿನ ಒಂದು ರೆಕಾರ್ಡಿಂಗ್ ಯಂತ್ರ. ವೊಕೋಡರ್ ಅಂದರೆ ಮನುಷ್ಯನ ದನಿಯ ಆಕಾರವನ್ನು ಸಿಂಥಸೈಸರಿನ ನಾದಕ್ಕೆ ತೊಡಿಸುವ ಯಂತ್ರ. ಪದಗಳು ಸ್ಪಷ್ಟವಾಗಿ ಕೇಳಿಸುತ್ತವೆ, ಗಂಟಲು ಮಾತ್ರ ಯಾರದ್ದೋ.

ಅವಸರಕ್ಕೆ ಯಾರ ಒತ್ತಾಯವೂ ಕಾರಣವಾಗಿರಲಿಲ್ಲ. ‘ಡಿಸ್ಕವರಿ’ಗೆ ತದ್ವಿರುದ್ಧವಾದದ್ದನ್ನು ಮಾಡಬೇಕು, ಉಳಿ ಮುಟ್ಟದ ಕಲ್ಲನ್ನು ಹಾಗೇ ಇಡಬೇಕು ಎಂಬ ಆಸೆ ಇತ್ತು ಎಂದು ಬಾಂಗಾಲ್ಟರ್ ಆಮೇಲಿನ ಸಂದರ್ಶನಗಳಲ್ಲಿ ಹೇಳಿದ್ದಾರೆ. ನಾನು ಈ ಮಾತನ್ನು ನಂಬುತ್ತೇನೆ. ಕೆಲಸ ಬಾರದವರ ಒರಟಿಗೂ ಕೆಲಸ ಬಲ್ಲವರು ಬೇಕೆಂದೇ ಬಿಟ್ಟ ಒರಟಿಗೂ ಕಿವಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಇಲ್ಲಿ ಒಂದೊಂದು ಡ್ರಮ್ ಏಟೂ ಎಷ್ಟು ದಪ್ಪ ಇರಬೇಕೋ ಅಷ್ಟೇ ದಪ್ಪ ಇದೆ.

ಇದನ್ನು ರಾಕ್ ಅನ್ನಬೇಕೋ, ಡಾನ್ಸ್ ಮ್ಯೂಸಿಕ್ ಅನ್ನಬೇಕೋ?

ಎರಡೂ ಕೂಡಿದ್ದು. ಬೀಟ್ ಡಾನ್ಸ್ ಸಂಗೀತದ್ದು: ನಾಲ್ಕಕ್ಕೆ ನಾಲ್ಕು, ಎಲ್ಲೂ ತಪ್ಪದ ನಡಿಗೆ. ಅದರ ಮೇಲೆ ಕೂತಿರುವುದು ರಾಕ್ ಗಿಟಾರಿನ ರಿಫ್, ಅಂದರೆ ಮತ್ತೆ ಮತ್ತೆ ಬರುವ ಚಿಕ್ಕ ಸ್ವರಗುಚ್ಛ. ‘ದ ಬ್ರೈನ್‌ವಾಷರ್’ ಕೇಳಿದ ಕೂಡಲೇ ಬ್ಲ್ಯಾಕ್ ಸಬಾತ್ ಬ್ಯಾಂಡಿನ ‘ಐರನ್ ಮ್ಯಾನ್’ ನೆನಪಾಗುತ್ತದೆ ಎಂದು ಅನೇಕರು ಹೇಳುತ್ತಾರೆ. ಯಂತ್ರದ ಗಂಟಲಿನಿಂದ ಬರುವ ಆ ಮೊದಲ ಘೋಷಣೆಯ ಗತ್ತು ಹಾಗೇ ಇದೆ.

ಆಗಿನ ಗಾಳಿಯೂ ಅತ್ತ ಬೀಸುತ್ತಿತ್ತು. ಗಿಟಾರ್ ಹಿಡಿದವರು ಕ್ಲಬ್ಬಿನ ಬೀಟ್ ಎತ್ತಿಕೊಳ್ಳುತ್ತಿದ್ದರು, ಕ್ಲಬ್ಬಿನವರು ಗಿಟಾರ್ ಹುಡುಕುತ್ತಿದ್ದರು. ಅದೇ 2005ರಲ್ಲಿ ನ್ಯೂಯಾರ್ಕಿನ ಎಲ್‌ಸಿಡಿ ಸೌಂಡ್‌ಸಿಸ್ಟಮ್ ತನ್ನ ಮೊದಲ ಆಲ್ಬಂ ತಂದಾಗ ಅದರ ಮೊದಲ ಹಾಡಿನ ಹೆಸರಿನಲ್ಲೇ ಡಾಫ್ಟ್ ಪಂಕ್ ಇತ್ತು. ಆ ಹೊತ್ತಿಗೆ ಈ ಜೋಡಿಯ ಮೇಲೆ ಜನ ಇಟ್ಟಿದ್ದ ನಿರೀಕ್ಷೆ ಎಷ್ಟು ದೊಡ್ಡದು ಎಂದು ಇದರಿಂದ ತಿಳಿಯಬಹುದು.

ಬಂದಾಗ ವಿಮರ್ಶಕರು ಏನಂದರು?

ಬಹುಪಾಲು ನಿರಾಸೆ. ಕೆಲವರು ಮೆಚ್ಚಿದರು, ಕೆಲವರು ಕಟುವಾಗಿ ಬರೆದರು, ಹೆಚ್ಚಿನವರು ‘ಇಷ್ಟೇನಾ?’ ಎಂದರು. ಪತ್ರಿಕೆಗಳ ವಿಮರ್ಶೆಗಳನ್ನು ಒಟ್ಟುಗೂಡಿಸಿ ಸರಾಸರಿ ಅಂಕ ಕೊಡುವ ಮೆಟಾಕ್ರಿಟಿಕ್‌ನಲ್ಲಿ ಇದಕ್ಕೆ ದಕ್ಕಿದ್ದು ನೂರಕ್ಕೆ 57ರ ಆಸುಪಾಸು. 2013ರ ‘ರ‍್ಯಾಂಡಮ್ ಆಕ್ಸೆಸ್ ಮೆಮೊರೀಸ್’ಗೆ ಸಿಕ್ಕಿದ್ದು 87ರ ಆಸುಪಾಸು.

ದೂರುಗಳು ಹೆಚ್ಚುಕಡಿಮೆ ಮೂರೇ. ಒಂದು, ಹೇಳಿದ್ದನ್ನೇ ಹೇಳುತ್ತಾರೆ. ಎರಡು, ಕೆಲಸ ಅರ್ಧಕ್ಕೆ ನಿಂತಂತಿದೆ, ಹಾಡಿನ ಬದಲು ಹಾಡಿನ ನಕ್ಷೆ ಕೊಟ್ಟಿದ್ದಾರೆ. ಮೂರನೆಯದು ಮನಸ್ಸಿಗೆ ಹೆಚ್ಚು ತಾಗುವಂಥದ್ದು: ‘ಡಿಸ್ಕವರಿ’ಯಲ್ಲಿದ್ದ ಸಂತೋಷ ಎಲ್ಲಿ ಹೋಯಿತು? ‘ಒನ್ ಮೋರ್ ಟೈಮ್’ ಹಾಕಿದರೆ ಮದುವೆಮನೆಯಲ್ಲೂ ಕುಣಿಯಬಹುದು. ‘ಸ್ಟೀಮ್ ಮಷೀನ್’ ಹಾಕಿದರೆ ಯಾರೂ ಕುಣಿಯಲು ಏಳುವುದಿಲ್ಲ.

ಬಿಡುಗಡೆಗೆ ಮುಂಚೆಯೇ ಆಲ್ಬಂ ಇಂಟರ್ನೆಟ್ಟಿನಲ್ಲಿ ಸೋರಿತ್ತು. ಕೇಳಿದ ಅಭಿಮಾನಿಗಳಲ್ಲಿ ಕೆಲವರು ಇದು ಅಸಲಿ ಅಲ್ಲ, ಯಾರೋ ದಿಕ್ಕು ತಪ್ಪಿಸಲು ಬಿಟ್ಟ ನಕಲಿ ಎಂದುಕೊಂಡರು. ಆ ಅನುಮಾನ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ನಾಲ್ಕು ವರ್ಷ ಕಾದವರು ಒಂದೇ ಸಾಲನ್ನು ಐದು ನಿಮಿಷ ಕೇಳಲು ತಯಾರಾಗಿ ಬಂದಿರಲಿಲ್ಲ.

ಆದರೂ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಹತ್ತರೊಳಗೆ ಬಂತು. ಇದನ್ನು ಸೋತ ಆಲ್ಬಂ ಎನ್ನುವುದಕ್ಕಿಂತ ಜನ ಕೊಂಡು, ಕೇಳಿ, ಮುಖ ಸಿಂಡರಿಸಿದ ಆಲ್ಬಂ ಎನ್ನುವುದು ಸರಿ.

ಅಷ್ಟು ಬೈಗುಳ ಬಂದರೂ ಅವರು ಯಾಕೆ ತುಟಿ ಬಿಚ್ಚಲಿಲ್ಲ?

ಬಿಡುಗಡೆಯ ಸಮಯದಲ್ಲಿ ಸಂದರ್ಶನಗಳನ್ನೇ ಕೊಡಲಿಲ್ಲ. ಆಲ್ಬಂ ತನ್ನ ಮಾತನ್ನು ತಾನೇ ಆಡುತ್ತದೆ ಎಂಬುದಷ್ಟೇ ಅವರ ಹೇಳಿಕೆ. ಇದು ಅವರಿಗೆ ದುಬಾರಿಯಾಯಿತು ಎಂದು ನನ್ನ ಅಭಿಪ್ರಾಯ. ‘ಡಿಸ್ಕವರಿ’ಯ ಜೊತೆ ಬಣ್ಣವಿತ್ತು, ಲೇಜಿ ಮತ್ಸುಮೊತೊ ಮೇಲ್ವಿಚಾರಣೆಯಲ್ಲಿ ಮೂಡಿದ ಜಪಾನಿ ಅನಿಮೇಷನ್ ಇತ್ತು, ರೋಬಾಟ್ ಆದ ಕಥೆ ಇತ್ತು. 1999ರ ಸೆಪ್ಟೆಂಬರ್ 9ರಂದು ಸ್ಟುಡಿಯೊದಲ್ಲಿ ಯಂತ್ರ ಸಿಡಿದು ನಾವು ರೋಬಾಟ್‌ಗಳಾದೆವು ಎಂದು ಅವರೇ ಕಟ್ಟಿದ ಆ ಕಥೆಯನ್ನು ಜನ ಖುಷಿಯಿಂದ ಒಪ್ಪಿಕೊಂಡಿದ್ದರು. ಈ ಸಲ ಕೈಗೆ ಸಿಕ್ಕಿದ್ದು ಕಪ್ಪು ರಕ್ಷಾಪುಟ, ಅದರಲ್ಲೊಂದು ಟೀವಿ, ಟೀವಿಯಲ್ಲಿ ಅವರ ಹೆಸರು. ಬೇರೆ ವಿವರಣೆ ಇಲ್ಲ.

ಮಾತಾಡಿದ್ದರೆ ಕೇಳುಗರಿಗೆ ಒಂದು ದಾರಿಯಾದರೂ ಸಿಗುತ್ತಿತ್ತು. ಆದರೆ ಟೀವಿ, ಜಾಹೀರಾತು, ಮಿದುಳು ತೊಳೆಯುವವರ ಬಗ್ಗೆ ಆಲ್ಬಂ ಮಾಡಿ, ಅದನ್ನು ಮಾರಲು ಟೀವಿ ಮುಂದೆ ಹೋಗಿ ಕೂರುವುದು ಅವರಿಗೆ ಸರಿಕಾಣದೆ ಇದ್ದಿರಬಹುದು.

ಒಂದೇ ಸಾಲನ್ನು ಅಷ್ಟು ಸಲ ಹೇಳುವುದು ಯಾಕೆ? ಬೇಜಾರಾಗುವುದಿಲ್ಲವೇ?

ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ ಇದೇ. ಇದಕ್ಕೆ ಉತ್ತರ ಸಿಕ್ಕರೆ ಉಳಿದದ್ದೆಲ್ಲ ಸುಲಭ.

ಡೊಳ್ಳು ಕುಣಿತವನ್ನು ಹತ್ತಿರ ನಿಂತು ನೋಡಿದವರಿಗೆ ಗೊತ್ತಿರುತ್ತದೆ. ಅದೇ ಪೆಟ್ಟು, ಅದೇ ಹೆಜ್ಜೆ ಸುತ್ತಿ ಸುತ್ತಿ ಬರುತ್ತದೆ. ಮೊದಲೆರಡು ನಿಮಿಷ ಕಿವಿ ‘ಮುಂದೇನು?’ ಎಂದು ಕಾಯುತ್ತದೆ. ಆಮೇಲೆ ಕಾಯುವುದನ್ನು ಬಿಡುತ್ತದೆ. ಅಲ್ಲಿಂದ ಮುಂದೆ ಚಿಕ್ಕ ಬದಲಾವಣೆಯೂ ದೊಡ್ಡದಾಗಿ ಕೇಳಿಸುತ್ತದೆ. ಲೂಪ್, ಅಂದರೆ ಒಂದೇ ತುಣುಕನ್ನು ಮತ್ತೆ ಮತ್ತೆ ತಿರುಗಿಸುವುದನ್ನು, ನಂಬಿದ ಸಂಗೀತವೆಲ್ಲ ಈ ಗುಣವನ್ನೇ ನಂಬಿರುತ್ತದೆ. ಇವರದ್ದೇ ‘ಅರೌಂಡ್ ದ ವರ್ಲ್ಡ್’ನಲ್ಲಿ ಹೆಸರಿನಲ್ಲಿರುವ ಮೂರು ಪದ ಬಿಟ್ಟರೆ ಬೇರೆ ಮಾತಿಲ್ಲ, ಅದನ್ನು ಜಗತ್ತೇ ಹಾಡಿತು. ಹಾಗಾದರೆ ಅಲ್ಲಿ ಸಹಿಸಿಕೊಂಡದ್ದನ್ನು ಇಲ್ಲಿ ಯಾಕೆ ಸಹಿಸಲಿಲ್ಲ?

ಅಲ್ಲಿ ಲೂಪಿನ ಸುತ್ತ ಬೇಸ್ ಓಡಾಡುತ್ತದೆ, ಒಂದೊಂದೇ ವಾದ್ಯ ಬಂದು ಕೂತು ಏಳುತ್ತದೆ. ಇಲ್ಲಿ ಅಂಥ ಓಡಾಟವನ್ನು ಬೇಕೆಂದೇ ಕಿತ್ತುಹಾಕಿದ್ದಾರೆ. ‘ಟೆಲಿವಿಷನ್ ರೂಲ್ಸ್ ದ ನೇಷನ್’ ಹಾಕಿ ನೋಡಿ. ಹೆಸರಿನಲ್ಲಿರುವ ನಾಲ್ಕು ಪದವೇ ಅದರ ಪೂರ್ತಿ ಸಾಹಿತ್ಯ. ರಿಫ್ ಒಂದೇ. ವೊಕೋಡರಿನ ದನಿಯಲ್ಲಿ ಏರಿಳಿತವೇ ಇಲ್ಲ. ಟೀವಿಯ ಮುಂದೆ ಕೂತು ಕಣ್ಣು ಮಂಜಾದವನ ತಲೆಯಲ್ಲಿ ಇದೇ ಓಡುತ್ತಿರಬೇಕು. ವಸ್ತುವೇ ಬೇಸರ ಆಗಿರುವಾಗ ಹಾಡು ಸ್ವಲ್ಪ ಬೇಸರ ತರಿಸಿದರೆ ಅದನ್ನು ನಾನು ಒಪ್ಪುತ್ತೇನೆ.

ಎಲ್ಲ ಟ್ರ್ಯಾಕೂ ಹೀಗೆ ನಿಂತಲ್ಲೇ ನಿಲ್ಲುವುದಿಲ್ಲ. ‘ದ ಪ್ರೈಮ್ ಟೈಮ್ ಆಫ್ ಯುವರ್ ಲೈಫ್’ನ ಕೊನೆಯ ಭಾಗವನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಬೇಕು. ಡ್ರಮ್ಮಿನ ವೇಗ ನಿಧಾನವಾಗಿ ಏರಲು ಶುರುವಾಗುತ್ತದೆ. ಮೊದಲು ಅನುಮಾನ ಬರುತ್ತದೆ, ಆಮೇಲೆ ಖಾತ್ರಿಯಾಗುತ್ತದೆ. ಇನ್ನು ಕುಣಿಯಲು ಆಗದು ಅನ್ನುವ ವೇಗವನ್ನೂ ದಾಟಿ ಏಟುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಬೀಟ್ ಎಂಬುದೇ ಕರಗಿ ಬರೀ ಗುಂಯ್‌ಗುಡುವ ಸದ್ದು ಉಳಿಯುತ್ತದೆ. ಟೀವಿಯವರು ಅತಿ ಹೆಚ್ಚು ಜನ ನೋಡುವ ಹೊತ್ತಿಗೆ ಬಳಸುವ ಮಾತನ್ನು ಬದುಕಿಗೆ ಹಚ್ಚಿ, ಆ ಬದುಕು ಕೈಮೀರಿ ಓಡಿಹೋಗುವುದನ್ನು ಬರೀ ವೇಗದಿಂದ ತೋರಿಸಿದ್ದಾರೆ. ಈ ಆಲ್ಬಂನಲ್ಲಿ ಯೋಚನೆಯೇ ಇಲ್ಲ ಅನ್ನುವವರಿಗೆ ನಾನು ಮೊದಲು ಕೇಳಿಸುವುದು ಇದನ್ನೇ.

‘ರೋಬಾಟ್ ರಾಕ್’ ಕದ್ದ ಹಾಡಂತೆ?

ಕದ್ದದ್ದಲ್ಲ. ಅದರ ರಿಫ್ ಫಿಲಡೆಲ್ಫಿಯಾದ ಬ್ರೇಕ್‌ವಾಟರ್ ಎಂಬ ಫಂಕ್ ಬ್ಯಾಂಡಿನ ‘ರಿಲೀಸ್ ದ ಬೀಸ್ಟ್’ ಹಾಡಿನದ್ದು, 1980ರದ್ದು. ಆ ಬ್ಯಾಂಡಿನ ಕೇ ವಿಲಿಯಮ್ಸ್ ಅವರ ಹೆಸರನ್ನು ಡಾಫ್ಟ್ ಪಂಕ್ ಹಾಡಿನ ರಚನಕಾರರ ಸಾಲಿನಲ್ಲೇ ಹಾಕಿದೆ. ಸ್ಯಾಂಪಲ್ ಬಳಸುವುದು ಇವರಿಗೆ ಹೊಸದೂ ಅಲ್ಲ. ‘ಡಿಸ್ಕವರಿ’ಯ ಎಷ್ಟೋ ಹಾಡುಗಳು ಹಳೆಯ ಡಿಸ್ಕೊ, ಫಂಕ್ ರೆಕಾರ್ಡ್‌ಗಳ ತುಣುಕಿನ ಮೇಲೆ ನಿಂತಿವೆ.

ವ್ಯತ್ಯಾಸ ಇಷ್ಟೇ: ಅಲ್ಲಿ ತುಣುಕನ್ನು ಕತ್ತರಿಸಿ, ಜರುಗಿಸಿ, ಗುರುತೇ ಸಿಗದ ಹಾಗೆ ಹೊಸದು ಮಾಡಿದ್ದರು. ಇಲ್ಲಿ ರಿಫ್ ಅನ್ನು ಎತ್ತಿ ಹಾಗೇ ತಿರುಗಿಸಿದ್ದಾರೆ. ಮೂಲ ಹಾಡು ಕೇಳಿದವರಿಗೆ ‘ಇವರು ಮಾಡಿದ್ದೇನು?’ ಅನಿಸುವುದು ನ್ಯಾಯವೇ. ಬ್ರೇಕ್‌ವಾಟರ್‌ನ ಹಾಡನ್ನು ದಯವಿಟ್ಟು ಹುಡುಕಿ ಕೇಳಿ, ತುಂಬ ಒಳ್ಳೆಯ ಹಾಡು. ಅದರಲ್ಲಿ ಆ ರಿಫ್ ಬಂದು ಹೋಗುತ್ತದೆ. ‘ರೋಬಾಟ್ ರಾಕ್’ ಅದನ್ನು ಹಿಡಿದುಕೊಂಡು ಬಿಡುವುದೇ ಇಲ್ಲ. ನನಗೆ ಆ ಹಟವೇ ಇಷ್ಟ.

‘ಟೆಕ್ನಾಲಾಜಿಕ್’ ಎಲ್ಲೋ ಕೇಳಿದ ಹಾಗಿದೆಯಲ್ಲ?

ಕೇಳಿರುತ್ತೀರಿ. ಐಪಾಡ್ ಜಾಹೀರಾತಿನಲ್ಲಿ ಬಂದಿತ್ತು. ರ‍್ಯಾಪರ್ ಬಸ್ಟಾ ರೈಮ್ಸ್‌ನ ‘ಟಚ್ ಇಟ್’ ಹಾಡಿಗೆ ಅದರ ನಿರ್ಮಾಪಕ ಸ್ವಿಜ್ ಬೀಟ್ಸ್ ಇದರದ್ದೇ ತುಣುಕು ಬಳಸಿದ್ದಾರೆ. ಈ ಆಲ್ಬಂ ಹೆಸರೇ ಕೇಳದ ಲಕ್ಷಾಂತರ ಜನಕ್ಕೆ ಆ ಪುಟ್ಟ ಕೀರಲು ದನಿ ಗೊತ್ತು.

ಸಾಹಿತ್ಯವೆಂದರೆ ಬರೀ ಆಜ್ಞೆಗಳ ಸರಮಾಲೆ. ಕೊಳ್ಳು, ಬಳಸು, ರಿಪೇರಿ ಮಾಡು, ಅಳಿಸು, ಉಳಿಸು ಎಂದು ಯಂತ್ರದ ಜೊತೆ ನಾವು ದಿನವಿಡೀ ಮಾಡುವ ಕೆಲಸಗಳನ್ನು ಉಸಿರು ಬಿಡದೆ ಒಪ್ಪಿಸುತ್ತದೆ. 2005ರಲ್ಲಿ ಸ್ಮಾರ್ಟ್‌ಫೋನ್ ಇನ್ನೂ ಎಲ್ಲರ ಕೈ ಸೇರಿರಲಿಲ್ಲ, ಆಗಲೇ ಈ ಹಾಡು ಬಂದಿತ್ತು. ಇವತ್ತು ಒಬ್ಬ ಮನುಷ್ಯ ಬೆಳಿಗ್ಗೆ ಎದ್ದು ಫೋನಿನಲ್ಲಿ ಏನೇನು ಮಾಡುತ್ತಾನೋ ಅದೆಲ್ಲ ಇದರಲ್ಲಿದೆ. ಜಾಹೀರಾತಿಗೆ ಕೊಟ್ಟಿದ್ದರಿಂದ ಹಾಡಿನ ಚುಚ್ಚು ಮೊಂಡಾಯಿತು ಅನ್ನುವವರೂ ಇದ್ದಾರೆ. ಆ ಆಕ್ಷೇಪಣೆಯನ್ನು ನಾನು ತಳ್ಳಿಹಾಕಲಾರೆ. ಕೊಳ್ಳುವ ಹುಚ್ಚಿನ ಹಾಡು ಕೊಳ್ಳುವುದಕ್ಕೇ ಕರೆಯುವುದು ಕಸಿವಿಸಿ ಮಾಡುತ್ತದೆ.

ವಿಡಿಯೊಗಳನ್ನು ಮಕ್ಕಳ ಜೊತೆ ನೋಡಬಹುದೇ?

‘ರೋಬಾಟ್ ರಾಕ್’ ಧಾರಾಳವಾಗಿ ನೋಡಿ. ‘ಟೆಕ್ನಾಲಾಜಿಕ್’ನಲ್ಲಿ ಚರ್ಮವಿಲ್ಲದ ಒಂದು ಗೊಂಬೆ-ರೋಬಾಟ್ ಇದೆ, ಚಿಕ್ಕವರು ಹೆದರಬಹುದು. ‘ದ ಪ್ರೈಮ್ ಟೈಮ್ ಆಫ್ ಯುವರ್ ಲೈಫ್’ ಬೇಡವೇ ಬೇಡ. ಟೋನಿ ಗಾರ್ಡ್ನರ್ ನಿರ್ದೇಶಿಸಿದ ಆ ವಿಡಿಯೊದಲ್ಲಿ ಒಬ್ಬ ಹುಡುಗಿಗೆ ಸುತ್ತಲಿನವರೆಲ್ಲ ಎಲುಬುಗೂಡಾಗಿ ಕಾಣುತ್ತಾರೆ. ತಾನೂ ಹಾಗೆ ಆಗಬೇಕೆಂದು ಅವಳು ಮೈಗೆ ಹಾನಿ ಮಾಡಿಕೊಳ್ಳುತ್ತಾಳೆ. ತೆಳ್ಳಗಿರಬೇಕೆಂಬ ಒತ್ತಡದ ಬಗ್ಗೆ ಅಷ್ಟು ನೇರವಾಗಿ ಹೇಳಿದ ಮ್ಯೂಸಿಕ್ ವಿಡಿಯೊ ಕಡಿಮೆ. ಊಟ, ತೂಕದ ವಿಷಯದಲ್ಲಿ ಕಷ್ಟಪಡುತ್ತಿರುವವರು ದೊಡ್ಡವರಾದರೂ ನೋಡದಿರುವುದು ಒಳ್ಳೆಯದು.

‘ಎಲೆಕ್ಟ್ರೋಮಾ’ ಸಿನಿಮಾಕ್ಕೂ ಈ ಆಲ್ಬಂಗೂ ಏನು ಸಂಬಂಧ?

ಆಲ್ಬಂನ ಶೀರ್ಷಿಕೆ ಹಾಡಿಗೆ ವಿಡಿಯೊ ಮಾಡಲು ಹೊರಟ ಕೆಲಸವೇ ಬೆಳೆದು ಸಿನಿಮಾ ಆಯಿತು. ನಿರ್ದೇಶನ ಈ ಇಬ್ಬರದ್ದೇ. 2006ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದ ವೇಳೆ ಮೊದಲು ತೋರಿಸಿದರು. ಮನುಷ್ಯರಾಗಬೇಕೆಂದು ಹೊರಟ ಇಬ್ಬರು ರೋಬಾಟ್‌ಗಳ ಕಥೆ. ಮಾತಿಲ್ಲ. ಡಾಫ್ಟ್ ಪಂಕ್‌ನ ಸಂಗೀತವೂ ಇಲ್ಲ. ಅವರು ಓಡಿಸುವ ಫೆರಾರಿ ಕಾರಿನ ನಂಬರ್ ಪ್ಲೇಟಿನಲ್ಲಿ ‘ಹ್ಯೂಮನ್’ ಎಂದಿರುತ್ತದೆ.

ಸಿನಿಮಾ ನಿಧಾನ, ಬಹಳ ನಿಧಾನ. ಆದರೆ ನೋಡಿದ ಮೇಲೆ ಆಲ್ಬಂನ ಕೊನೆಯ ಟ್ರ್ಯಾಕ್ ‘ಎಮೋಷನ್’ ಬೇರೆಯಾಗಿ ಕೇಳಿಸುತ್ತದೆ. ಸುಮಾರು ಏಳು ನಿಮಿಷ ಒಂದು ಯಂತ್ರ ಒಂದೇ ಪದವನ್ನು ಹೇಳುತ್ತ ಹೋಗುತ್ತದೆ. ಭಾವನೆ ಇಲ್ಲದವನು ‘ಭಾವನೆ’ ಎಂದು ಹೇಳಿ ಹೇಳಿ ಅದನ್ನು ಬರಿಸಿಕೊಳ್ಳಲು ನೋಡುವ ಹಾಗೆ. ನನಗೆ ಈ ಆಲ್ಬಂನಲ್ಲಿ ಅತ್ಯಂತ ಪ್ರಿಯವಾದದ್ದು ಇದೇ ಟ್ರ್ಯಾಕ್. ವಿಮರ್ಶೆಗಳು ಬಿಡಿಯಾಗಿ ಬಿಡುಗಡೆಯಾದ ಸಿಂಗಲ್‌ಗಳ ಮೇಲೇ ಜಗಳವಾಡಿ ಇದನ್ನು ಗಮನಿಸದೆ ಮುಂದೆ ಹೋದವು ಎಂಬುದು ನನ್ನ ದುಃಖ.

ಜನರ ಅಭಿಪ್ರಾಯ ಯಾವಾಗ ಬದಲಾಯಿತು?

2006ರ ಏಪ್ರಿಲ್ 29ರ ರಾತ್ರಿ, ಕ್ಯಾಲಿಫೋರ್ನಿಯಾದ ಕೋಚೆಲ್ಲಾ ಉತ್ಸವದಲ್ಲಿ. ಟೆಂಟಿನೊಳಗೆ ದೀಪಗಳ ಪಿರಮಿಡ್, ಅದರ ಒಡಲಿನಲ್ಲಿ ಹೆಲ್ಮೆಟ್ ಹಾಕಿದ ಇಬ್ಬರು. ವರ್ಷಗಳಿಂದ ಅವರು ಲೈವ್ ಕಾರ್ಯಕ್ರಮ ಕೊಟ್ಟಿರಲಿಲ್ಲ. ಅಲ್ಲಿಂದ ಮುಂದೆ 2007ರ ಕೊನೆಯ ತನಕ ಆ ಪಿರಮಿಡ್ ಊರೂರು ಸುತ್ತಿತು. 2007ರ ಜೂನ್ 14ರಂದು ಪ್ಯಾರಿಸ್‌ನ ಬೆರ್ಸಿ ಸಭಾಂಗಣದಲ್ಲಿ ನಡೆದದ್ದನ್ನು ರೆಕಾರ್ಡ್ ಮಾಡಿ ‘ಅಲೈವ್ 2007’ ಎಂದು ತಂದರು.

ಆ ರೆಕಾರ್ಡಿನ ಮೊದಲ ನಿಮಿಷಗಳನ್ನು ಕೇಳಿ. ಯಂತ್ರದ ದನಿಯೊಂದು ‘ರೋಬಾಟ್’, ‘ಹ್ಯೂಮನ್’ ಎಂದು ಒಂದಾದ ಮೇಲೊಂದು ಹೇಳುತ್ತದೆ. ಎರಡು ಪದಗಳ ನಡುವಿನ ಅಂತರ ಕಿರಿದಾಗುತ್ತ ಹೋಗುತ್ತದೆ, ಜನ ಕೂಗತೊಡಗುತ್ತಾರೆ, ಕೊನೆಗೆ ‘ರೋಬಾಟ್ ರಾಕ್’ನ ರಿಫ್ ಬಂದು ಬೀಳುತ್ತದೆ. ಎರಡು ವರ್ಷದ ಹಿಂದೆ ‘ಇದರಲ್ಲಿ ಏನೂ ಇಲ್ಲ’ ಎಂದು ಬೈಸಿಕೊಂಡ ಅದೇ ರಿಫ್.

ಆಗಿದ್ದೇನೆಂದರೆ, ಲೈವ್‌ನಲ್ಲಿ ಮೂರೂ ಆಲ್ಬಂಗಳ ಹಾಡುಗಳನ್ನು ಒಂದರ ಮೇಲೊಂದು ಹೆಣೆದರು. ‘ಟೆಲಿವಿಷನ್ ರೂಲ್ಸ್ ದ ನೇಷನ್’ ಜೊತೆ ‘ಕ್ರೆಸೆಂಡಾಲ್ಸ್’. ‘ಟೂ ಲಾಂಗ್’ ಜೊತೆ ‘ಸ್ಟೀಮ್ ಮಷೀನ್’. ಬಸ್ಟಾ ರೈಮ್ಸ್‌ಗೆ ಹೋಗಿದ್ದ ‘ಟೆಕ್ನಾಲಾಜಿಕ್’ ಕೂಡ ‘ಟಚ್ ಇಟ್’ ಸಮೇತ ಮನೆಗೆ ವಾಪಸ್ ಬಂತು. ‘ಡಿಸ್ಕವರಿ’ಯ ಹಾಡುಗಳಲ್ಲಿ ಜಾಗವೇ ಇರದಷ್ಟು ಅಲಂಕಾರ ತುಂಬಿದೆ. ಅವುಗಳನ್ನು ಮತ್ತೊಂದರ ಮೇಲೆ ಕೂರಿಸಲು ತಳಕ್ಕೆ ಗಟ್ಟಿಯಾದ, ಬೋಳಾದ ಏನಾದರೂ ಬೇಕಿತ್ತು. ಆ ಕೆಲಸಕ್ಕೆ ಒದಗಿದ್ದು ಈ ಆಲ್ಬಂ. ಕೊನೆಯಲ್ಲಿ ಮತ್ತೆ ಬಂದು ನುಡಿಸುವ ಭಾಗದಲ್ಲಿ ‘ಹ್ಯೂಮನ್ ಆಫ್ಟರ್ ಆಲ್’, ‘ಒನ್ ಮೋರ್ ಟೈಮ್’, ಬಾಂಗಾಲ್ಟರ್ ಬೇರೆ ಗುಂಪಿನೊಂದಿಗೆ ಮಾಡಿದ್ದ ‘ಮ್ಯೂಸಿಕ್ ಸೌಂಡ್ಸ್ ಬೆಟರ್ ವಿತ್ ಯೂ’ ಎಲ್ಲ ಒಂದೇ ಹರಿವಿನಲ್ಲಿ ಸೇರಿಕೊಳ್ಳುತ್ತವೆ.

ಹಾಗಾದರೆ 2005ರ ವಿಮರ್ಶಕರು ತಪ್ಪಿದ್ದರು ಎಂದಾಯಿತೇ?

ಹೀಗೆ ಹೇಳಿ ಮುಗಿಸುವ ಅಭಿಮಾನಿಗಳು ಬಹಳ. ನಾನು ಒಪ್ಪುವುದಿಲ್ಲ. ಪಿರಮಿಡ್ ಮುಂದೆ ಕುಣಿದವರು ಮೆಚ್ಚಿದ್ದು ಬೇರೆಯೇ ಒಂದು ಕೃತಿಯನ್ನು. ‘ಸ್ಟೀಮ್ ಮಷೀನ್’ ಲೈವ್‌ನಲ್ಲಿ ಚೆನ್ನಾಗಿದೆ ಎಂದ ಮಾತ್ರಕ್ಕೆ ಆಲ್ಬಂನ ‘ಸ್ಟೀಮ್ ಮಷೀನ್’ ಉದ್ಧಾರವಾಗುವುದಿಲ್ಲ. ಐದು ನಿಮಿಷಕ್ಕೂ ಮಿಕ್ಕಿ ಪಿಸುಗುಟ್ಟುವ, ಹಬೆ ಬಿಡುವ ಆ ಟ್ರ್ಯಾಕ್ ಮೂರಕ್ಕೇ ಮುಗಿಯಬೇಕಿತ್ತು. ಹತ್ತೊಂಬತ್ತು ಸೆಕೆಂಡಿನ ‘ಆನ್/ಆಫ್’ ಚಾನೆಲ್ ಬದಲಿಸುವ ಸದ್ದು ಅಷ್ಟೇ, ಅದನ್ನು ಟ್ರ್ಯಾಕ್ ಎಂದು ಎಣಿಸುವುದು ಕಷ್ಟ. ವಿಮರ್ಶಕರು ಗುರುತಿಸಿದ ಊನಗಳು ಆಲ್ಬಂನಲ್ಲಿ ನಿಜವಾಗಿ ಇವೆ.

ನನ್ನ ತಕರಾರು ಬೇರೆ ಕಡೆ. ಬಹಳಷ್ಟು ವಿಮರ್ಶೆಗಳು ಇದನ್ನು ಸೋಮಾರಿತನ ಎಂದು ಓದಿದವು. ಇದರ ಒಳ್ಳೆಯದೂ ಕೆಟ್ಟದ್ದೂ ಹುಟ್ಟಿರುವುದು ಒಂದೇ ನಿರ್ಧಾರದಿಂದ: ಹಾಡನ್ನು ಬೆಳೆಸುವುದಿಲ್ಲ, ರಮಿಸುವುದಿಲ್ಲ. ಆ ನಿರ್ಧಾರ ‘ಪ್ರೈಮ್ ಟೈಮ್’, ‘ಎಮೋಷನ್’, ಶೀರ್ಷಿಕೆ ಹಾಡುಗಳಲ್ಲಿ ಫಲಿಸಿದೆ, ‘ಸ್ಟೀಮ್ ಮಷೀನ್’ನಲ್ಲಿ ಫಲಿಸಿಲ್ಲ. ‘ಮೇಕ್ ಲವ್’ ಬಗ್ಗೆ ನನಗೆ ಈಗಲೂ ಎರಡು ಮನಸ್ಸು. ಮೆತ್ತನೆಯ ಆ ಲೂಪ್ ಸಂಜೆ ಹೊತ್ತು ಹಿತವಾಗಿರುತ್ತದೆ, ಗಮನ ಕೊಟ್ಟು ಕೂತರೆ ಕೈಗೆ ಸಿಗುವುದಿಲ್ಲ.

‘ಡಿಸ್ಕವರಿ’ಯ ಎರಡನೇ ಭಾಗ ಮಾಡಿದ್ದರೆ ಯಾರೂ ಬೈಯುತ್ತಿರಲಿಲ್ಲ. ಅಷ್ಟು ಗೆದ್ದ ಮೇಲೂ ಗೆದ್ದ ದಾರಿಯನ್ನು ಬಿಟ್ಟು ಬಂದವರಿಗೆ ನಾನು ಗೌರವ ಕೊಡುತ್ತೇನೆ, ಅವರು ತಂದದ್ದೆಲ್ಲ ಚಿನ್ನ ಆಗಿರದಿದ್ದರೂ.

ಪ್ರಶಸ್ತಿ ಏನಾದರೂ ಬಂತೇ?

2006ರ ಗ್ರ್ಯಾಮಿಯಲ್ಲಿ ಎಲೆಕ್ಟ್ರಾನಿಕ್/ಡಾನ್ಸ್ ಆಲ್ಬಂ ವಿಭಾಗಕ್ಕೆ ನಾಮನಿರ್ದೇಶನವಾಯಿತು. ಗೆದ್ದದ್ದು ಕೆಮಿಕಲ್ ಬ್ರದರ್ಸ್‌ನ ‘ಪುಶ್ ದ ಬಟನ್’, ಅವರೂ ಜೋಡಿಯೇ. ಅದೇ ವಿಭಾಗದ ಪ್ರಶಸ್ತಿ 2009ರಲ್ಲಿ ‘ಅಲೈವ್ 2007’ಕ್ಕೆ ಸಿಕ್ಕಿತು.

ಬೇರೆ ಜೋಡಿಗಳಿಗೂ ಇಂಥದ್ದೇ ಗತಿ ಬಂದದ್ದಿದೆಯೇ?

ತಕ್ಷಣ ನೆನಪಾಗುವುದು ಜಸ್ಟಿಸ್. ಅದೂ ಫ್ರೆಂಚ್ ಜೋಡಿ: ಗಾಸ್ಪಾರ್ ಓಜೆ ಮತ್ತು ಜಾವಿಯೆ ದ ರೊನೆ. ಡಾಫ್ಟ್ ಪಂಕ್‌ನ ಮ್ಯಾನೇಜರ್ ಆಗಿದ್ದ ಪೆಡ್ರೊ ವಿಂಟರ್ ಕಟ್ಟಿದ ಎಡ್ ಬ್ಯಾಂಗರ್ ಎಂಬ ಲೇಬಲ್ಲಿನವರು. ಅವರ 2007ರ ಮೊದಲ ಆಲ್ಬಂ ಅನ್ನು ಎಲ್ಲರೂ ತಲೆಮೇಲೆ ಹೊತ್ತರು. ಒಡೆದ, ಗರಗರ ಎನ್ನುವ ಅದರ ಸದ್ದಿನಲ್ಲಿ ‘ಹ್ಯೂಮನ್ ಆಫ್ಟರ್ ಆಲ್’ನ ನೆರಳು ನನಗೆ ಸ್ಪಷ್ಟವಾಗಿ ಕಾಣುತ್ತದೆ. ಈ ಆಲ್ಬಂನ ಶೀರ್ಷಿಕೆ ಹಾಡಿಗೆ ಅವರೇ ರೀಮಿಕ್ಸ್ ಕೂಡ ಮಾಡಿದ್ದಾರೆ.

2011ರ ಅಕ್ಟೋಬರ್‌ನಲ್ಲಿ ಅವರ ಎರಡನೆಯ ಆಲ್ಬಂ ‘ಆಡಿಯೊ, ವಿಡಿಯೊ, ಡಿಸ್ಕೊ’ ಬಂತು. ಕ್ಲಬ್ಬಿನ ಸದ್ದನ್ನು ಬಿಟ್ಟು ಎಪ್ಪತ್ತರ ದಶಕದ ಸ್ಟೇಡಿಯಂ ರಾಕ್, ಉದ್ದನೆಯ ಜಟಿಲ ರಚನೆಗಳ ಪ್ರೋಗ್ ರಾಕ್ ಕಡೆ ಹೊರಳಿದ್ದರು. ‘ಸಿವಿಲೈಸೇಷನ್’ನಲ್ಲಿ ಅಲಿ ಲವ್, ‘ಆನ್’ನ್’ಆನ್’ ಮತ್ತು ‘ನ್ಯೂ ಲ್ಯಾಂಡ್ಸ್’ನಲ್ಲಿ ಮಾರ್ಗನ್ ಫೇಲನ್ ಹಾಡಿದ್ದಾರೆ. ಕುಣಿಯಲು ಬಂದವರು ‘ಬೀಟ್ ಎಲ್ಲಿ?’ ಎಂದರು, ರಾಕ್ ಕೇಳುವವರು ‘ಇದು ಹಳೆಯದರ ಪ್ರತಿ’ ಎಂದರು. ವಿಮರ್ಶೆ ಎರಡು ಹೋಳಾಯಿತು. ಡಾನ್ಸ್ ಜೋಡಿಯೊಂದು ಗಿಟಾರ್ ಕಡೆ ಕೈ ಚಾಚಿದಾಗ ಎರಡೂ ಕಡೆಯವರು ತಮ್ಮ ಪಾಲು ಕಡಿಮೆಯಾಯಿತೆಂದು ದೂರುವುದು ಅಲ್ಲಿ ಇನ್ನೂ ಸ್ಪಷ್ಟವಾಗಿ ಕಾಣಿಸಿತು.

ಮುಂದೆ ಅವರು ಮಾಡಿದ್ದರ ಮೇಲೆ ಇದರ ಪರಿಣಾಮ ಏನು?

2010ರಲ್ಲಿ ‘ಟ್ರಾನ್: ಲೆಗಸಿ’ ಸಿನಿಮಾಕ್ಕೆ ದೊಡ್ಡ ವಾದ್ಯವೃಂದ ಇಟ್ಟುಕೊಂಡು ಸಂಗೀತ ಮಾಡಿದರು. 2013ರ ‘ರ‍್ಯಾಂಡಮ್ ಆಕ್ಸೆಸ್ ಮೆಮೊರೀಸ್’ಗೆ ನೈಲ್ ರಾಜರ್ಸ್, ಜಾರ್ಜಿಯೊ ಮೊರೊಡರ್, ಫಾರೆಲ್ ವಿಲಿಯಮ್ಸ್ ಅಂಥವರನ್ನೂ ನುರಿತ ವಾದಕರನ್ನೂ ಸ್ಟುಡಿಯೊಗೆ ಕರೆತಂದರು. 2014ರಲ್ಲಿ ಅದು ವರ್ಷದ ಆಲ್ಬಂ ಎಂಬ ಗ್ರ್ಯಾಮಿ ಗೆದ್ದಿತು. ಇಬ್ಬರೇ ಕೂತು ನಾಲ್ಕು ಯಂತ್ರದಲ್ಲಿ ಆರು ವಾರಕ್ಕೆ ಮಾಡಿದ್ದಕ್ಕೂ ಇದಕ್ಕೂ ಇರುವ ದೂರ ನೋಡಿ. ಪ್ರತಿ ಆಲ್ಬಂ ಹಿಂದಿನದಕ್ಕೆ ಬೆನ್ನು ತಿರುಗಿಸಿ ಹುಟ್ಟಿದೆ.

2021ರ ಫೆಬ್ರುವರಿ 22ರಂದು ಬೇರೆಯಾಗುವುದನ್ನು ತಿಳಿಸಲು ಹಾಕಿದ ‘ಎಪಿಲಾಗ್’ ವಿಡಿಯೊದಲ್ಲಿ ಇದ್ದದ್ದು ‘ಎಲೆಕ್ಟ್ರೋಮಾ’ದ ದೃಶ್ಯ. ವಿದಾಯ ಹೇಳಲು ಬೇರೆ ಏನನ್ನು ಬೇಕಾದರೂ ಆರಿಸಬಹುದಿತ್ತು. ಅವರು ಆರಿಸಿದ್ದು ಈ ಆಲ್ಬಂನ ಕಾಲದ್ದನ್ನು.

ಮೊದಲ ಸಲ ಕೇಳುವವರು ಹೇಗೆ ಕೇಳಬೇಕು?

ಆಲ್ಬಂನಿಂದಲೇ ಶುರು ಮಾಡಿ, ಲೈವ್‌ನಿಂದ ಬೇಡ. ‘ಅಲೈವ್ 2007’ ಮೊದಲು ಕೇಳಿದರೆ ಇದು ಬಡವಾಗಿ ಕೇಳಿಸುತ್ತದೆ. ಲ್ಯಾಪ್‌ಟಾಪಿನ ಸ್ಪೀಕರಿನಲ್ಲಿ ಕೇಳಿದರೆ ಬರೀ ತಗಡಿನ ಸದ್ದು ಸಿಗುತ್ತದೆ, ಬೇಸ್ ಕೊಡುವ ಸ್ಪೀಕರ್ ಅಥವಾ ಒಳ್ಳೆಯ ಹೆಡ್‌ಫೋನ್ ಇರಲಿ. ಇಡೀ ಆಲ್ಬಂ ಬೇಡ ಅನಿಸಿದರೆ ಶೀರ್ಷಿಕೆ ಹಾಡು, ‘ದ ಪ್ರೈಮ್ ಟೈಮ್ ಆಫ್ ಯುವರ್ ಲೈಫ್’, ‘ಟೆಕ್ನಾಲಾಜಿಕ್’, ‘ಎಮೋಷನ್’ ಈ ನಾಲ್ಕನ್ನು ಇದೇ ಕ್ರಮದಲ್ಲಿ ಕೇಳಿ. ಹಿಡಿಸಿದರೆ ‘ರೋಬಾಟ್ ರಾಕ್’ಗೆ ಹೋಗಿ, ಅದರ ಬೆನ್ನಿಗೇ ಬ್ರೇಕ್‌ವಾಟರ್. ಆಮೇಲೆ ‘ಅಲೈವ್ 2007’ ಪೂರ್ತಿ, ನಡುವೆ ನಿಲ್ಲಿಸದೆ.

ರೀಮಿಕ್ಸ್ ಆಲ್ಬಂ ಬೇಕೇ?

2006ರಲ್ಲಿ ಜಪಾನಿನಲ್ಲಿ ಬಂದದ್ದು, 2014ರಲ್ಲಿ ಇನ್ನಷ್ಟು ಟ್ರ್ಯಾಕ್ ಸೇರಿಸಿ ಮತ್ತೆ ತಂದರು. ಸೋಲ್‌ವ್ಯಾಕ್ಸ್, ಎರೊಲ್ ಆಲ್ಕನ್, ಸೆಬಾಸ್ಟಿಯನ್, ಡಿಜಿಟಲಿಸಂ, ಜಸ್ಟಿಸ್ ಎಲ್ಲ ಇದ್ದಾರೆ. ಬೋಳು ರಿಫ್‌ಗಳು ಬೇರೆಯವರ ಕೈಯಲ್ಲಿ ಏನಾಗುತ್ತವೆ ಎಂದು ತಿಳಿಯುವ ಕುತೂಹಲ ಇದ್ದರೆ ಖಂಡಿತ ಕೇಳಿ. ಸೋಲ್‌ವ್ಯಾಕ್ಸ್‌ನವರ ‘ರೋಬಾಟ್ ರಾಕ್’ನಿಂದ ಶುರು ಮಾಡಬಹುದು.